ಧ್ರುವದ ಹಿಮ, ಉಪ್ಪು ಮತ್ತು ಆಳದ ಹರಿವು: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಟಾರ್ಕ್ಟಿಕಾದಿಂದ ದೊಡ್ಡ ಹಿಮಬಂಡೆಯೊಂದು ಕಳಚಿಕೊಂಡರೆ ಅದರ ವಿಸ್ತೀರ್ಣವೇ ತಲೆಬರಹವಾಗುತ್ತದೆ. ಅದು ಎಲ್ಲಿಗೆ ಹೋಗಿ ನಿಂತಿತು, ಎಲ್ಲಿ ಕರಗಿತು ಎಂಬುದು ಒಳಪುಟಕ್ಕೂ ಬರುವುದಿಲ್ಲ. ಸಾಗರದ ಹರಿವಿನ ಮಟ್ಟಿಗೆ ಈ ಎರಡನೆಯ ಸಂಗತಿಯೇ ಹೆಚ್ಚು ತೂಕದ್ದು. ಈ ವಿಷಯದಲ್ಲಿ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದೆ. ಕೆಲವಕ್ಕೆ ಎರಡು ಸಾಲು ಸಾಕು, ಕೆಲವಕ್ಕೆ ಸಾಲದು.

ಕಡಲ ಮಂಜುಗಡ್ಡೆ, ಹಿಮಬಂಡೆ ಎರಡೂ ಒಂದೇ ಅಲ್ಲವೇ?

ಅಲ್ಲ. ಹುಟ್ಟಿನಲ್ಲೇ ಬೇರೆ ಬೇರೆ. ಹಿಮಬಂಡೆ, ಅಂದರೆ ಐಸ್‌ಬರ್ಗ್, ನೆಲದ ಮೇಲೆ ಬಿದ್ದ ಹಿಮದಿಂದ ಆದದ್ದು. ಸಾವಿರಾರು ವರ್ಷ ಬಿದ್ದ ಹಿಮ ಒತ್ತೊತ್ತಿ ಗಟ್ಟಿಯಾಗಿ, ಹಿಮನದಿಯಾಗಿ ನಿಧಾನಕ್ಕೆ ಕಡಲ ಕಡೆ ಜಾರುತ್ತದೆ. ಅಂಟಾರ್ಕ್ಟಿಕಾದಲ್ಲಿ ಅದು ಕರಾವಳಿಯಲ್ಲೇ ನಿಲ್ಲದೆ ನೀರಿನ ಮೇಲೂ ಚಾಚಿಕೊಂಡು ತೇಲುತ್ತದೆ. ಇದನ್ನು ಇಲ್ಲಿ ಹಿಮಚಾಚು ಎನ್ನೋಣ. ಚಾಚಿನ ಅಂಚು ಮುರಿದರೆ ಹಿಮಬಂಡೆ. ಅದು ಪೂರ್ತಿ ಸಿಹಿನೀರು, ದಪ್ಪ ಇನ್ನೂರು ಮುನ್ನೂರು ಮೀಟರ್ ಇರುವುದುಂಟು.

ಕಡಲ ಮಂಜುಗಡ್ಡೆ ಹಾಗಲ್ಲ. ಸಮುದ್ರದ ನೀರೇ ಸುಮಾರು ಮೈನಸ್ 1.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಿ ಆಗುವ ಪದರ ಅದು. ಅಂಟಾರ್ಕ್ಟಿಕಾದ ಸುತ್ತ ಬಹುಪಾಲು ಒಂದು ಮೀಟರಿನ ಆಸುಪಾಸಿನ ದಪ್ಪ. ದಪ್ಪ ಇಲ್ಲದಿದ್ದರೂ ಹರಹು ದೊಡ್ಡದು: ಸೆಪ್ಟೆಂಬರಿನಲ್ಲಿ ಸುಮಾರು 180 ಲಕ್ಷ ಚದರ ಕಿ.ಮೀ., ಫೆಬ್ರುವರಿಯಲ್ಲಿ 30 ಲಕ್ಷದ ಸುತ್ತಮುತ್ತ. ಪ್ರತಿ ವರ್ಷವೂ ಇಷ್ಟು ಹಿಗ್ಗಿ ಇಷ್ಟು ಕುಗ್ಗುವ ವಸ್ತು ಭೂಮಿಯ ಮೇಲೆ ಬೇರೆ ಇರುವುದು ಕಷ್ಟ.

ನೀರು ಹೆಪ್ಪುಗಟ್ಟಿದಾಗ ಅದರಲ್ಲಿದ್ದ ಉಪ್ಪು ಎಲ್ಲಿಗೆ ಹೋಗುತ್ತದೆ?

ಬಹುಪಾಲು ಹೊರಕ್ಕೆ. ಹಿಮದ ಹರಳು ತನ್ನ ರಚನೆಯೊಳಗೆ ಉಪ್ಪನ್ನು ಸೇರಿಸಿಕೊಳ್ಳುವುದಿಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಆಗರಗಳಲ್ಲಿ ನೀರು ಆವಿಯಾಗಿ ಹೋಗಿ ಉಪ್ಪು ಉಳಿಯುತ್ತದಲ್ಲ, ಇಲ್ಲಿ ನೀರು ಮೇಲೆ ಗಡ್ಡೆಯಾಗಿ ಉಪ್ಪು ಕೆಳಗಿನ ನೀರಿನಲ್ಲಿ ಉಳಿಯುತ್ತದೆ. ಸ್ವಲ್ಪ ಉಪ್ಪು ಮಂಜುಗಡ್ಡೆಯ ಸಣ್ಣ ಸಣ್ಣ ಗೂಡುಗಳಲ್ಲಿ ಗಾಢ ಉಪ್ಪುನೀರಾಗಿ ಸಿಕ್ಕಿಕೊಂಡು, ಆಮೇಲೆ ನಿಧಾನಕ್ಕೆ ಕೆಳಗೆ ಸೋರುತ್ತದೆ.

ಲೆಕ್ಕ ಹಾಕಿದರೆ ಇದರ ಅಳತೆ ತಿಳಿಯುತ್ತದೆ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 34 ಗ್ರಾಂ ಉಪ್ಪು. ಹೊಸ ಮಂಜುಗಡ್ಡೆಯಲ್ಲಿ ಉಳಿಯುವುದು ಕಿಲೋಗೆ ಐದು ಗ್ರಾಂ ಆಸುಪಾಸು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮೀಟರ್ ದಪ್ಪ ಹೆಪ್ಪುಗಟ್ಟಿದರೆ ಕೆಳಗಿನ ನೀರಿಗೆ ಬೀಳುವ ಉಪ್ಪು ಸುಮಾರು 25 ಕಿಲೋ. ಇದನ್ನು ಲಕ್ಷಾಂತರ ಚದರ ಕಿ.ಮೀ.ಗೆ ಹರಡಿ ನೋಡಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು, ಮುಂದೆ ಎಲ್ಲ ಉತ್ತರಗಳಿಗೂ ಅದು ಬೇಕು. ಮಂಜುಗಡ್ಡೆ ಹುಟ್ಟಿದ ಕಡೆಯೇ ಕರಗಿದರೆ ಉಪ್ಪಿನ ಲೆಕ್ಕ ಸರಿಹೋಗುತ್ತದೆ, ವರ್ಷದ ಕೊನೆಗೆ ಏನೂ ಬದಲಾಗಿರುವುದಿಲ್ಲ. ಆದರೆ ಅದು ಅಲ್ಲೇ ಕರಗುವುದಿಲ್ಲ. ಕರಾವಳಿಯ ಹತ್ತಿರ ಹುಟ್ಟಿ, ಗಾಳಿಗೆ ಸಿಕ್ಕಿ ನೂರಾರು ಕಿ.ಮೀ. ಉತ್ತರಕ್ಕೆ ಹೋಗಿ ಕರಗುತ್ತದೆ. ಅಂದರೆ ಕರಾವಳಿಯಲ್ಲಿ ಉಪ್ಪು ಬಿಟ್ಟು, ದೂರದಲ್ಲಿ ಸಿಹಿನೀರು ಸುರಿಯುತ್ತದೆ.

ತಣ್ಣನೆಯ ನೀರು ಮುಳುಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೆವು. ಉಪ್ಪಿನ ಮಾತು ಏಕೆ?

ಬೆಚ್ಚನೆಯ ಸಮುದ್ರದಲ್ಲಿ ಶಾಲೆಯ ಪಾಠ ಸರಿ. ಆದರೆ ನೀರು ಸೊನ್ನೆ ಡಿಗ್ರಿಯ ಹತ್ತಿರ ಬಂದ ಮೇಲೆ ಇನ್ನೊಂದು ಡಿಗ್ರಿ ತಣ್ಣಗಾದರೂ ಸಾಂದ್ರತೆ ಹೆಚ್ಚೇನೂ ಏರುವುದಿಲ್ಲ. ಅಲ್ಲಿ ಯಜಮಾನಿಕೆ ಉಪ್ಪಿನದು. ಆರ್ಕ್ಟಿಕ್‌ನಲ್ಲಿ ಇದನ್ನು ಕಣ್ಣಾರೆ ಕಾಣಬಹುದು: ಮೇಲೆ ಹೆಪ್ಪುಗಟ್ಟುವಷ್ಟು ತಣ್ಣನೆಯ ನೀರು, ಸುಮಾರು 150ರಿಂದ 900 ಮೀಟರ್ ಆಳದಲ್ಲಿ ಅಟ್ಲಾಂಟಿಕ್‌ನಿಂದ ಬಂದ, ಸೊನ್ನೆಗಿಂತ ಬೆಚ್ಚನೆಯ ನೀರು. ಬೆಚ್ಚನೆಯದು ಕೆಳಗೆ ಕೂತಿರುವುದು ಅದರಲ್ಲಿ ಉಪ್ಪು ಹೆಚ್ಚಿರುವುದರಿಂದ. ಮೇಲಿನ ಸಪ್ಪೆ ಪದರ ಮುಚ್ಚಳದ ಹಾಗಿದ್ದು, ಆ ಶಾಖ ಮೇಲಿನ ಮಂಜುಗಡ್ಡೆಯನ್ನು ಮುಟ್ಟದಂತೆ ತಡೆಯುತ್ತದೆ. ಬಂಗಾಳ ಕೊಲ್ಲಿಯಲ್ಲೂ ಗಂಗಾ, ಬ್ರಹ್ಮಪುತ್ರಾ ನದಿಗಳ ಸಿಹಿನೀರು ಮೇಲೆ ಹರಡಿಕೊಂಡು ಕೆಳಗಿನ ನೀರಿನೊಂದಿಗೆ ಬೆರಕೆಯನ್ನು ತಡೆಯುತ್ತದೆ. ಶಾಸ್ತ್ರ ಅದೇ, ಶಾಖದ ಮಟ್ಟ ಮಾತ್ರ ಬೇರೆ.

ಮುಳುಗಿದ ನೀರು ಎಲ್ಲಿಗೆ ಹೋಗುತ್ತದೆ? ನಮ್ಮ ಅರಬ್ಬಿ ಸಮುದ್ರಕ್ಕೂ ಬರುತ್ತದೆಯೇ?

ಬರುತ್ತದೆ. ಅಂಟಾರ್ಕ್ಟಿಕಾದ ಕರಾವಳಿಯಲ್ಲಿ ಉಪ್ಪೇರಿ ಭಾರವಾದ ನೀರು ಖಂಡದ ಅಂಚಿನಿಂದ ಇಳಿಜಾರಿನಲ್ಲಿ ಕೆಳಕ್ಕೆ ಹರಿದು, ದಾರಿಯಲ್ಲಿ ಸುತ್ತಲಿನ ನೀರನ್ನೂ ಸೇರಿಸಿಕೊಂಡು ಸಾಗರದ ತಳಕ್ಕೆ ಸೇರುತ್ತದೆ. ಇದಕ್ಕೆ ಅಂಟಾರ್ಕ್ಟಿಕ್ ತಳಜಲ ಎಂದು ಹೆಸರು. ಹುಟ್ಟುವ ಮುಖ್ಯ ಜಾಗಗಳು ನಾಲ್ಕು: ವೆಡೆಲ್ ಸಮುದ್ರ, ರಾಸ್ ಸಮುದ್ರ, ಅಡೇಲಿ ಕರಾವಳಿ, ಪ್ರಿಡ್ಜ್ ಕೊಲ್ಲಿಯ ಪಕ್ಕದ ಕೇಪ್ ಡಾರ್ನ್‌ಲಿ.

ಅಲ್ಲಿಂದ ಹೊರಟ ನೀರು ಸಮುದ್ರದಡಿಯ ಬೆಟ್ಟಸಾಲುಗಳ ಕಣಿವೆಗಳಲ್ಲಿ ನುಸುಳುತ್ತಾ ಮಡಗಾಸ್ಕರ್ ಪಕ್ಕದ ತಗ್ಗು, ಸೊಮಾಲಿಯಾ ಪಕ್ಕದ ತಗ್ಗು ದಾಟಿ ಅರಬ್ಬಿ ಸಮುದ್ರದ ತಳಕ್ಕೆ ಬರುತ್ತದೆ. ಇನ್ನೊಂದು ಕವಲು ಪೂರ್ವದ ಉದ್ದನೆಯ ಬೆಟ್ಟಸಾಲಿನ ಸಂದುಗಳಲ್ಲಿ ಸೋರಿ ಬಂಗಾಳ ಕೊಲ್ಲಿಯ ಕಡೆಗೆ. ಕಾರವಾರದಿಂದಲೋ ಮಲ್ಪೆಯಿಂದಲೋ ಹೊರಟು ಆಳಸಮುದ್ರಕ್ಕೆ ಹೋದರೆ, ಮೇಲೆ 28 ಡಿಗ್ರಿಯ ನೀರು, ನಾಲ್ಕು ಕಿ.ಮೀ. ಕೆಳಗೆ ಸುಮಾರು 2 ಡಿಗ್ರಿ. ಉಷ್ಣವಲಯದಲ್ಲಿ ಅಷ್ಟು ತಣ್ಣನೆಯ ನೀರು ತಾನಾಗಿ ಹುಟ್ಟಲು ಸಾಧ್ಯವೇ ಇಲ್ಲ. ದಾರಿಯುದ್ದಕ್ಕೂ ಬೇರೆ ನೀರು ಬೆರೆತಿರುತ್ತದೆ ನಿಜ, ಆದರೆ ಆ ತಂಪಿನ ಮೂಲ ದಕ್ಷಿಣ ಧ್ರುವದ ಕಡೆಯೇ. ಪ್ರಯಾಣಕ್ಕೆ ನೂರಾರು ವರ್ಷ ಹಿಡಿಯುತ್ತದೆ. ತಳದ ಜೀವಿಗಳಿಗೆ ಬೇಕಾದ ಆಮ್ಲಜನಕವನ್ನು ತರುವುದೂ ಇದೇ ನೀರು.

ಪೊಲಿನ್ಯಾ ಎಂಬ ಮಾತು ಓದಿದ್ದೇನೆ. ಏನದು?

ನಡುಚಳಿಗಾಲದಲ್ಲೂ ಮಂಜುಗಡ್ಡೆಯ ನಡುವೆ ತೆರೆದಿರುವ ನೀರಿನ ಬಯಲು. ಕರಾವಳಿಯ ಪೊಲಿನ್ಯಾಗಳಲ್ಲಿ ನಡೆಯುವುದು ಹೀಗೆ: ಅಂಟಾರ್ಕ್ಟಿಕಾದ ಎತ್ತರದ ಬಯಲಿನಿಂದ ಭಾರವಾದ ತಣ್ಣನೆಯ ಗಾಳಿ ಇಳಿಜಾರಿನಲ್ಲಿ ರಭಸದಿಂದ ಕಡಲಿಗೆ ಇಳಿಯುತ್ತದೆ. ಹೆಪ್ಪುಗಟ್ಟಿದ ಗಡ್ಡೆಯನ್ನು ಅದು ಆಗಿಂದಾಗಲೇ ಆಚೆ ತಳ್ಳುತ್ತದೆ. ಬಯಲಾದ ನೀರು ಮತ್ತೆ ಹೆಪ್ಪುಗಟ್ಟುತ್ತದೆ, ಮತ್ತೆ ತಳ್ಳಲ್ಪಡುತ್ತದೆ. ನೋಡಲು ನೀರು, ಮಾಡುವ ಕೆಲಸ ಮಂಜುಗಡ್ಡೆಯ ಕಾರ್ಖಾನೆಯದು. ದಕ್ಷಿಣ ಸಾಗರದ ಮಂಜುಗಡ್ಡೆ ಪ್ರದೇಶದಲ್ಲಿ ಸುಮಾರು ಶೇ. 1ರಷ್ಟು ಜಾಗ ಹಿಡಿಯುವ ಈ ಕರಾವಳಿ ಪೊಲಿನ್ಯಾಗಳು ಒಟ್ಟು ಮಂಜುಗಡ್ಡೆಯ ಸುಮಾರು ಶೇ. 10ನ್ನು ತಯಾರಿಸುತ್ತವೆ. ಉಪ್ಪು ಕೂಡ ಅದೇ ಚಿಕ್ಕ ಜಾಗದಲ್ಲಿ ಬೀಳುತ್ತದೆ. ತಳಜಲ ಹುಟ್ಟಲು ಇಂಥ ಒತ್ತಾದ ಉಪ್ಪೇ ಬೇಕು. ತೆಳ್ಳಗೆ ಎಲ್ಲ ಕಡೆ ಹರಡಿದ್ದು ಸಾಲದು.

ಒಂದೇ ಒಂದು ಹಿಮಬಂಡೆ ಸಾಗರದ ಆಳದ ಹರಿವನ್ನು ಬದಲಿಸಬಲ್ಲದೇ?

ಬದಲಿಸಿದ್ದು ದಾಖಲಾಗಿದೆ. ಈ ಇಡೀ ವಿಷಯದಲ್ಲಿ ಒಂದೇ ಒಂದು ಕಥೆ ನೆನಪಿಟ್ಟುಕೊಳ್ಳುವುದಾದರೆ ಮರ್ಟ್ಜ್ ಹಿಮನದಿಯ ಕಥೆಯನ್ನು ಇಟ್ಟುಕೊಳ್ಳಿ.

ಆಸ್ಟ್ರೇಲಿಯಾದ ದಕ್ಷಿಣಕ್ಕೆ, ಅಂಟಾರ್ಕ್ಟಿಕಾದ ಜಾರ್ಜ್ 5 ಕರಾವಳಿಯಲ್ಲಿ ಈ ಹಿಮನದಿ ಕಡಲೊಳಗೆ ಉದ್ದನೆಯ ನಾಲಿಗೆ ಚಾಚಿಕೊಂಡಿತ್ತು. ಅಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಕರಾವಳಿಯುದ್ದಕ್ಕೂ ಮಂಜುಗಡ್ಡೆ ತೇಲಿ ಬರುತ್ತದೆ. ನಾಲಿಗೆ ಅದಕ್ಕೆ ಅಡ್ಡಗೋಡೆ. ಗೋಡೆಯ ಪಶ್ಚಿಮದಲ್ಲಿ ತೇಲುಗಡ್ಡೆ ನುಗ್ಗದ ಕಾರಣ ದೊಡ್ಡ ಪೊಲಿನ್ಯಾ ಬಾಯಿ ತೆರೆದುಕೊಂಡಿತ್ತು. ಗಾಳಿಗಂತೂ ಬರವೇ ಇಲ್ಲ; ಪಕ್ಕದ ಕೇಪ್ ಡೆನಿಸನ್‌ನಲ್ಲಿ 1912–13ರಲ್ಲಿ ಬೀಡುಬಿಟ್ಟಿದ್ದ ಆಸ್ಟ್ರೇಲಿಯಾದ ಧ್ರುವಯಾನಿ ಡಗ್ಲಾಸ್ ಮಾಸನ್‌ನ ತಂಡ ಗಾಳಿಯೊಂದಿಗೆ ಪಟ್ಟ ಪಾಡು ಧ್ರುವಯಾನದ ಇತಿಹಾಸದಲ್ಲೇ ಹೆಸರುವಾಸಿ. ಹೀಗಾಗಿ ಅಡೇಲಿ ಕರಾವಳಿಯ ತಳಜಲಕ್ಕೆ ಈ ಜಾಗವೇ ಮುಖ್ಯ ಮೂಲ.

1987ರಲ್ಲಿ ರಾಸ್ ಸಮುದ್ರದ ಪೂರ್ವದ ಅಂಚಿನಲ್ಲಿ ಬಿ9 ಎಂಬ ಬಂಡೆ ಕಳಚಿತು. ಅದರ ತುಂಡು ಬಿ9ಬಿ, ಸುಮಾರು 97 ಕಿ.ಮೀ. ಉದ್ದದ್ದು, ಪಶ್ಚಿಮಕ್ಕೆ ತೇಲಿಬಂದು ಮರ್ಟ್ಜ್ ನಾಲಿಗೆಯ ಪೂರ್ವಕ್ಕೆ ತಳಕಚ್ಚಿ ವರ್ಷಗಟ್ಟಲೆ ನಿಂತಿತು. 2010ರ ಫೆಬ್ರುವರಿಯಲ್ಲಿ ಅದು ಸಡಿಲಗೊಂಡು ಬಂದು ನಾಲಿಗೆಗೆ ಬಡಿಯಿತು. ನಾಲಿಗೆಯಲ್ಲಿ ಮೊದಲೇ ಆಳವಾದ ಬಿರುಕುಗಳಿದ್ದವು. ಸುಮಾರು 78 ಕಿ.ಮೀ. ಉದ್ದದ, 2500 ಚದರ ಕಿ.ಮೀ. ವಿಸ್ತೀರ್ಣದ ತುಂಡು ಮುರಿದು ತೇಲಿಹೋಯಿತು.

ಆಗ ಪತ್ರಿಕೆಗಳಲ್ಲಿ ಬಂದದ್ದು ಬಂಡೆಯ ಗಾತ್ರ. ಕಡಲಿನಲ್ಲಿ ಆದದ್ದು ಬೇರೆ. ಗೋಡೆ ಹೋಯಿತು, ಪೂರ್ವದ ತೇಲುಗಡ್ಡೆ ತಡೆಯಿಲ್ಲದೆ ಪಶ್ಚಿಮಕ್ಕೆ ನುಗ್ಗಿತು, ಪೊಲಿನ್ಯಾ ಕಿರಿದಾಯಿತು. ಮೊದಲ ವರ್ಷಗಳಲ್ಲೇ ಮಂಜುಗಡ್ಡೆಯ ತಯಾರಿ ಶೇ. 14ರಿಂದ 20ರಷ್ಟು ಇಳಿಯಿತೆಂದು ಉಪಗ್ರಹದ ಮಾಹಿತಿಯಿಂದ ಅಂದಾಜಾಯಿತು. ಸಾಲದ್ದಕ್ಕೆ ಅಲ್ಲಿ ನುಗ್ಗಿದ ಹಳೆಯ ಗಡ್ಡೆ ಬೇಸಿಗೆಯಲ್ಲಿ ಕರಗಿ ಸಿಹಿನೀರನ್ನೂ ಸೇರಿಸಿತು. ಆಮೇಲೆ ಹಡಗುಗಳು ಹೋಗಿ ಅಳೆದಾಗ ಕರಾವಳಿಯ ನೀರಿನಲ್ಲಿ ಉಪ್ಪು ಕಡಿಮೆಯಾಗಿತ್ತು, ಮುಳುಗುವಷ್ಟು ಭಾರದ ನೀರು ಬಹಳ ಕುಗ್ಗಿತ್ತು. ಬಡಿದ ಬಂಡೆಯಾದರೂ ಮುಂದಕ್ಕೆ ಹೋಗಿ ಕಾಮನ್‌ವೆಲ್ತ್ ಕೊಲ್ಲಿಯ ಬಾಯಲ್ಲಿ ಮತ್ತೆ ತಳಕಚ್ಚಿತು. ಕೊಲ್ಲಿ ಗಟ್ಟಿ ಹಿಮದಿಂದ ತುಂಬಿ, ಅಲ್ಲಿನ ಅಡೇಲಿ ಪೆಂಗ್ವಿನ್‌ಗಳು ಮೇವಿಗಾಗಿ ಹತ್ತಾರು ಕಿ.ಮೀ. ಹಿಮದ ಮೇಲೆ ನಡೆಯಬೇಕಾಯಿತು.

ಗಮನಿಸಿ: ಇಲ್ಲಿ ಬಂಡೆ ಕರಗಿದ್ದರಿಂದ ಇದೆಲ್ಲ ಆಗಲಿಲ್ಲ. ಅದು ಒಂದು ಗೋಡೆಯನ್ನು ಕೆಡವಿದ್ದರಿಂದ ಆಯಿತು.

ಹಾಗಾದರೆ ಹಿಮಬಂಡೆ ಯಾವಾಗಲೂ ತಳಜಲಕ್ಕೆ ಕೇಡೇ?

ಇಲ್ಲ, ಉಲ್ಟಾ ಉದಾಹರಣೆಯೂ ಇದೆ. ಕೇಪ್ ಡಾರ್ನ್‌ಲಿಯಲ್ಲಿ ಪೊಲಿನ್ಯಾ ತೆರೆದಿರುವುದೇ ಹಿಮಬಂಡೆಗಳ ದೆಸೆಯಿಂದ. ಪೂರ್ವದ ಆಳವಿಲ್ಲದ ದಿಬ್ಬದ ಮೇಲೆ ಸಣ್ಣಪುಟ್ಟ ಬಂಡೆಗಳು ತಳಕಚ್ಚಿ ನಿಂತಿವೆ. ಅವುಗಳ ನಡುವೆ ಕಡಲ ಮಂಜುಗಡ್ಡೆ ಗಟ್ಟಿಯಾಗಿ ಅಂಟಿಕೊಂಡು ಅಡ್ಡಗೋಡೆಯಾಗಿದೆ. ಆ ಗೋಡೆಯ ಮರೆಯಲ್ಲಿ ಪೊಲಿನ್ಯಾ. ಇಲ್ಲಿ ತಳಜಲ ಹುಟ್ಟುತ್ತದೆಂದು ಖಚಿತವಾದದ್ದು 2013ರಷ್ಟು ಈಚೆಗೆ. ಭಾರತದ ಭಾರತಿ ಸಂಶೋಧನಾ ನಿಲ್ದಾಣ ಇರುವುದು ಇದೇ ಪ್ರಿಡ್ಜ್ ಕೊಲ್ಲಿಯ ದಡದ ಲಾರ್ಸ್‌ಮನ್ ಗುಡ್ಡಗಳಲ್ಲಿ.

ಹಿಮಬಂಡೆಯನ್ನು ಒಯ್ಯುವುದು ಗಾಳಿಯೋ, ಪ್ರವಾಹವೋ?

ತೆಳ್ಳನೆಯ ಕಡಲ ಮಂಜುಗಡ್ಡೆಗೆ ಗಾಳಿಯೇ ದೊರೆ. ಸಾಮಾನ್ಯವಾಗಿ ಗಾಳಿಯ ವೇಗದ ಶೇ. 2ರಷ್ಟು ವೇಗದಲ್ಲಿ ಅದು ಸಾಗುತ್ತದೆ, ಅದೂ ಗಾಳಿ ಬೀಸಿದ ದಿಕ್ಕಿಗಲ್ಲ. ನಾರ್ವೆಯ ಫ್ರಿತ್ಯೋಫ್ ನಾನ್ಸೆನ್ 1893ರಿಂದ 1896ರವರೆಗೆ ತನ್ನ ಫ್ರಾಮ್ ಹಡಗನ್ನು ಬೇಕೆಂದೇ ಆರ್ಕ್ಟಿಕ್ ಹಿಮದಲ್ಲಿ ಸಿಲುಕಿಸಿ ತೇಲಿಬಿಟ್ಟಾಗ, ಗಡ್ಡೆ ಗಾಳಿಯ ಬಲಕ್ಕೆ 20ರಿಂದ 40 ಡಿಗ್ರಿ ಓರೆಯಾಗಿ ಸಾಗುವುದನ್ನು ಕಂಡ. ಕಾರಣ ಭೂಮಿಯ ತಿರುಗುವಿಕೆ. ಗಣಿತ ಬಿಡಿಸಿದ್ದು ಸ್ವೀಡನ್ನಿನ ಯುವಕ ವಾಗ್ನ್ ಎಕ್ಮನ್. 1905ರಲ್ಲಿ ಅವನು ಬರೆದದ್ದು ಇಂದಿಗೂ ಸಾಗರ ವಿಜ್ಞಾನದ ಅಡಿಪಾಯ. ದಕ್ಷಿಣಾರ್ಧದಲ್ಲಿ ಓರೆ ಎಡಕ್ಕೆ.

ಮುನ್ನೂರು ಮೀಟರ್ ದಪ್ಪದ ಬಂಡೆಯ ಹತ್ತರಲ್ಲಿ ಒಂಬತ್ತು ಪಾಲು ನೀರೊಳಗೆ. ಅದನ್ನು ಹಿಡಿದೆಳೆಯುವುದು ಹೆಚ್ಚಾಗಿ ಪ್ರವಾಹ, ಅಡ್ಡಿ ಬರುವುದು ಸಮುದ್ರತಳ. ಎ23ಎ ಇದಕ್ಕೆ ಒಳ್ಳೆಯ ಸಾಕ್ಷಿ. 1986ರಲ್ಲಿ ಫಿಲ್ಶ್ನರ್ ಹಿಮಚಾಚಿನಿಂದ ಕಳಚಿ, ವೆಡೆಲ್ ಸಮುದ್ರದ ತಳಕ್ಕೆ ಕಚ್ಚಿಕೊಂಡು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಲುಗಲಿಲ್ಲ. 2020ರ ಹೊತ್ತಿಗೆ ಸಡಿಲವಾಗಿ ಉತ್ತರಕ್ಕೆ ಹೊರಟಿತು. 2024ರಲ್ಲಿ ಸೌತ್ ಆರ್ಕ್ನಿ ದ್ವೀಪಗಳ ಹತ್ತಿರ ಸಮುದ್ರದಡಿಯ ದಿಬ್ಬವೊಂದರ ಮೇಲೆ ಏಳುವ ಸುಳಿಗಂಬದಲ್ಲಿ, ಅಂದರೆ ಕಂಬದಂತೆ ನಿಂತು ತಿರುಗುವ ನೀರಿನಲ್ಲಿ ಸಿಕ್ಕಿ, ದಿನಕ್ಕೆ ಸುಮಾರು 15 ಡಿಗ್ರಿಯಂತೆ ತಿಂಗಳುಗಟ್ಟಲೆ ನಿಂತಲ್ಲೇ ಗಿರಕಿ ಹೊಡೆಯಿತು. ಅಂಥ ಸುಳಿಗಂಬ ಇರಬೇಕೆಂದು ಬ್ರಿಟನ್ನಿನ ಜಿ. ಐ. ಟೇಲರ್ 1920ರ ದಶಕದಲ್ಲೇ ಪ್ರಯೋಗಾಲಯದಲ್ಲಿ ತೋರಿಸಿದ್ದರು. ಡಿಸೆಂಬರಿನಲ್ಲಿ ಬಿಡಿಸಿಕೊಂಡ ಬಂಡೆ 2025ರ ಮಾರ್ಚ್‌ನಲ್ಲಿ ಸೌತ್ ಜಾರ್ಜಿಯಾ ದ್ವೀಪದ ಬಳಿ ಮತ್ತೆ ತಳಕಚ್ಚಿ, ಅದೇ ವರ್ಷ ಚೂರಾಗತೊಡಗಿತು.

ಹೆಸರಿನಲ್ಲಿರುವ ಎ, ಬಿ, ಸಿ, ಡಿ ಅಕ್ಷರಗಳು ಬಂಡೆ ಅಂಟಾರ್ಕ್ಟಿಕಾದ ಯಾವ ಕಾಲುಭಾಗದಲ್ಲಿ ಮೊದಲು ಕಾಣಿಸಿತು ಎಂಬುದನ್ನು ಸೂಚಿಸುತ್ತವೆ. ಕೊನೆಯ ಅಕ್ಷರ ತುಂಡಿನ ಗುರುತು.

ಬಂಡೆ ಕರಗಿದ ಸಿಹಿನೀರು ಸುತ್ತಲಿನ ಕಡಲಿಗೆ ಏನು ಮಾಡುತ್ತದೆ?

ಎಷ್ಟು ನೀರು ಎಂಬ ಅಂದಾಜು ಮೊದಲು. 2017ರ ಜುಲೈನಲ್ಲಿ ಲಾರ್ಸನ್ ಸಿ ಹಿಮಚಾಚಿನಿಂದ ಬೇರ್ಪಟ್ಟ ಎ68 ಸುಮಾರು 5800 ಚದರ ಕಿ.ಮೀ. ಇತ್ತು. ಅದರ ದೊಡ್ಡ ತುಂಡು 2020ರ ಕೊನೆಗೆ ಸೌತ್ ಜಾರ್ಜಿಯಾ ತಲುಪಿ, ಮೂರು ತಿಂಗಳಲ್ಲಿ ಆ ಸುತ್ತಿನಲ್ಲೇ 15,200 ಕೋಟಿ ಟನ್ ಸಿಹಿನೀರು ಬಿಟ್ಟಿತು. ಹುಟ್ಟಿದ ಜಾಗದಿಂದ ಸಾವಿರಕ್ಕೂ ಹೆಚ್ಚು ಕಿ.ಮೀ. ದೂರದಲ್ಲಿ! ಹಿಮಚಾಚು ತಳದಲ್ಲಿ ಕರಗಿದರೆ ಆ ನೀರು ಕರಾವಳಿಗೇ ಸೇರುತ್ತದೆ, ಅಂದರೆ ತಳಜಲ ಹುಟ್ಟುವ ಜಾಗಕ್ಕೆ ನೇರ ಪೆಟ್ಟು. ಅದೇ ಹಿಮ ಬಂಡೆಯಾಗಿ ಹೊರಟರೆ ಪೆಟ್ಟು ಬೀಳುವುದು ತೆರೆದ ಸಾಗರದಲ್ಲಿ. 2003–2008ರ ಅಂದಾಜಿನಂತೆ ಅಂಟಾರ್ಕ್ಟಿಕಾದ ಹಿಮಚಾಚುಗಳು ತಳದ ಕರಗುವಿಕೆಯಿಂದ ವರ್ಷಕ್ಕೆ ಸುಮಾರು 1,32,500 ಕೋಟಿ ಟನ್, ಬಂಡೆಗಳಾಗಿ ಮುರಿದು ಸುಮಾರು 1,08,900 ಕೋಟಿ ಟನ್ ಕಳೆದುಕೊಳ್ಳುತ್ತಿದ್ದವು. ಹೆಚ್ಚುಕಡಿಮೆ ಸಮಸಮ. ಹವಾಮಾನದ ಗಣಕ ಮಾದರಿಗಳಲ್ಲಿ ಎಲ್ಲ ಸಿಹಿನೀರನ್ನೂ ಕರಾವಳಿಯಲ್ಲೇ ಸುರಿದುಬಿಡುವ ರೂಢಿ ಬಹುಕಾಲ ಇತ್ತು. ಅದು ಅನುಕೂಲಕ್ಕೆ ಮಾಡಿಕೊಂಡ ಸರಳೀಕರಣ. ಉತ್ತರವನ್ನೇ ಬದಲಿಸುವಷ್ಟು ದೊಡ್ಡ ಸರಳೀಕರಣ.

ಮೇಲ್ಮೈಯಲ್ಲಿ ಸಿಹಿನೀರಿನ ಪದರ ಹರಡಿದರೆ ಬೆರಕೆ ಕಡಿಮೆ. ಆದರೆ ಬಂಡೆಯ ಪಕ್ಕದಲ್ಲೇ ಕಥೆ ಬೇರೆ: ಅದರ ಆಳದ ಗೋಡೆಯಿಂದ ಕರಗಿದ ಹಗುರ ನೀರು ಮೇಲೇರುವಾಗ ಕೆಳಗಿನ ನೀರನ್ನೂ ಎಳೆದುಕೊಂಡು ಬರುತ್ತದೆ. ಬಂಡೆಯೊಳಗಿನ ಮಣ್ಣುಕಲ್ಲಿನಿಂದ ಕಬ್ಬಿಣದ ಅಂಶವೂ ಸೇರಿ ಪಾಚಿ ಬೆಳೆಯುತ್ತದೆ. ದೊಡ್ಡ ಬಂಡೆಗಳ ಹಿಂದೆ ನೂರಾರು ಕಿ.ಮೀ. ಹಸಿರು ಬಾಲ ಉಪಗ್ರಹ ಚಿತ್ರಗಳಲ್ಲಿ ಕಾಣುತ್ತದೆ.

ತೇಲುವ ಬಂಡೆ ಕರಗಿದರೆ ಸಮುದ್ರ ಮಟ್ಟ ಏರುತ್ತದೆಯೇ?

ಬಹುತೇಕ ಇಲ್ಲ, ತೇಲುವಾಗಲೇ ತನ್ನ ತೂಕದಷ್ಟು ನೀರನ್ನು ಅದು ಸರಿಸಿರುತ್ತದೆ. ಸಿಹಿನೀರು, ಉಪ್ಪುನೀರಿನ ಸಾಂದ್ರತೆಯ ವ್ಯತ್ಯಾಸದಿಂದ ಅತ್ಯಲ್ಪ ಏರಿಕೆ ಉಂಟು. ಮಟ್ಟ ಏರಿಸುವುದು ನೆಲದ ಮೇಲಿನ ಹಿಮ ಹೊಸದಾಗಿ ಕಡಲಿಗೆ ಇಳಿದಾಗ.

ಅಂಟಾರ್ಕ್ಟಿಕಾದ ಕಡಲ ಮಂಜುಗಡ್ಡೆ ಕಡಿಮೆಯಾಗುತ್ತಿದೆಯೇ? ಹಿಂದೆ ಹೆಚ್ಚುತ್ತಿದೆ ಎಂದಿದ್ದರಲ್ಲ?

ಎರಡೂ ನಿಜ. 2014ರ ಸೆಪ್ಟೆಂಬರಿನಲ್ಲಿ ಅದು ಉಪಗ್ರಹ ದಾಖಲೆಯಲ್ಲೇ ಮೊದಲ ಬಾರಿಗೆ 200 ಲಕ್ಷ ಚದರ ಕಿ.ಮೀ. ದಾಟಿತ್ತು. 2016ರಲ್ಲಿ ಏಕಾಏಕಿ ಕುಸಿಯಿತು. 2023ರ ಫೆಬ್ರುವರಿಯಲ್ಲಿ 17.9 ಲಕ್ಷಕ್ಕೆ ಇಳಿದು ದಾಖಲೆಯಾಯಿತು. ಅದೇ ವರ್ಷ ಚಳಿಗಾಲದ ತುದಿಯಲ್ಲೂ 169.6 ಲಕ್ಷ ಮಾತ್ರ, ಅಂದರೆ ವಾಡಿಕೆಗಿಂತ 17 ಲಕ್ಷಕ್ಕೂ ಹೆಚ್ಚು ಕೊರತೆ. ಆರ್ಕ್ಟಿಕ್‌ನಂತೆ ಇದು ದಶಕಗಳ ನಿಧಾನ ಇಳಿತವಲ್ಲ, ಮೆಟ್ಟಿಲಿಳಿದಂಥ ಬದಲಾವಣೆ.

ಇದರ ಜೊತೆಗೆ ಉಪ್ಪಿನ ಸುದ್ದಿಯೂ ಸೇರಿದೆ. ದಶಕಗಳ ಕಾಲ ದಕ್ಷಿಣ ಸಾಗರದ ಮೇಲ್ಮೈ ಸಪ್ಪೆಯಾಗುತ್ತಾ ಬಂದಿತ್ತು. ಯುರೋಪಿನ ಸ್ಮಾಸ್ ಉಪಗ್ರಹದ ಮಾಹಿತಿಯಂತೆ 2015ರ ನಂತರ ಅದು ಮತ್ತೆ ಉಪ್ಪಾಗುತ್ತಿದೆ. ಮೇಲ್ಮೈ ಉಪ್ಪಾದರೆ ಸಪ್ಪೆ ಮುಚ್ಚಳ ಸಡಿಲವಾಗಿ ಕೆಳಗಿನ ಬೆಚ್ಚನೆಯ ನೀರು ಮೇಲೇರುತ್ತದೆ, ಮಂಜುಗಡ್ಡೆಗೆ ಉಳಿಗಾಲ ಕಷ್ಟ.

ಮಾಡ್ ರೈಸ್ ಎಂಬ ಸಮುದ್ರದಡಿಯ ಬೆಟ್ಟದ ಮೇಲೆ ಇದರ ನಾಟಕೀಯ ರೂಪ ಕಂಡಿದೆ. 1974ರಿಂದ 76ರವರೆಗೆ ಮೂರು ಚಳಿಗಾಲ ಸತತವಾಗಿ ವೆಡೆಲ್ ಸಮುದ್ರದ ನಡುವೆ ಸುಮಾರು 2.5 ಲಕ್ಷ ಚದರ ಕಿ.ಮೀ. ಪೊಲಿನ್ಯಾ ತೆರೆದಿತ್ತು. ಕೆಳಗಿನ ಶಾಖ ಮೇಲೆ ಬಂದು ಆಕಾಶಕ್ಕೆ ಸೇರಿ, ನೀರು 2500 ಮೀಟರ್ ಆಳದವರೆಗೂ ತಣ್ಣಗಾಯಿತು. ಆಮೇಲೆ ನಲವತ್ತು ವರ್ಷ ದೊಡ್ಡದಾಗಿ ತೆರೆಯದೆ, 2016 ಮತ್ತು 2017ರಲ್ಲಿ ಚಿಕ್ಕದಾಗಿ ಮತ್ತೆ ತೆರೆಯಿತು. ನಮ್ಮ ಮೈತ್ರಿ ನಿಲ್ದಾಣವಿರುವ ಕ್ವೀನ್ ಮಾಡ್ ಲ್ಯಾಂಡ್‌ನ ಎದುರಿನ ಸಮುದ್ರವಿದು.

2025ರಲ್ಲಿ "ದಕ್ಷಿಣ ಸಾಗರದ ಪ್ರವಾಹ ತಿರುಗುಮುರುಗಾಗಿದೆ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂತಲ್ಲ?

ಆಗಿಲ್ಲ. ಮೇಲೆ ಹೇಳಿದ ಉಪ್ಪಿನ ಅಧ್ಯಯನವೇ ಆ ಸುದ್ದಿಯ ಮೂಲ. ಪ್ರಬಂಧದಲ್ಲಿ ಇದ್ದದ್ದು ಮೇಲ್ಮೈಯ ಉಪ್ಪು ಮತ್ತು ಮಂಜುಗಡ್ಡೆಯ ಸಂಬಂಧ. ಪ್ರವಾಹ ಹಿಮ್ಮುಖವಾಗಿದೆ ಎಂಬ ಮಾತು ಪತ್ರಿಕಾ ಪ್ರಕಟಣೆಯೊಂದರ ಅತಿ ಉತ್ಸಾಹ. ಅದನ್ನು ಆಮೇಲೆ ತಿದ್ದಲಾಯಿತು. ತಿದ್ದುಪಡಿ ಯಾರಿಗೂ ಫಾರ್ವರ್ಡ್ ಆಗಲಿಲ್ಲ, ಅಷ್ಟೇ.

ತಳಜಲ ಕಡಿಮೆಯಾಗುತ್ತಿರುವುದನ್ನು ನಿಜವಾಗಿ ಅಳೆದಿದ್ದಾರೆಯೇ, ಅಥವಾ ಬರೀ ಗಣಕದ ಲೆಕ್ಕವೇ?

ಎರಡೂ ಇದೆ, ಬೆರೆಸಬಾರದು. ಅಳತೆಯ ಕಡೆ: ವೆಡೆಲ್ ಸಮುದ್ರದ ಅತಿ ಭಾರದ ತಳನೀರಿನ ಪ್ರಮಾಣ 1992ರಿಂದ ಸುಮಾರು ಶೇ. 30 ಕುಗ್ಗಿದೆ. ಅಲ್ಲಿ ಮುಖ್ಯ ಕಾರಣವಾಗಿ ಕಂಡದ್ದು ಹಿಮ ಕರಗಿದ್ದಲ್ಲ. ಗಾಳಿ ಬದಲಾಗಿ ಕರಾವಳಿಯಲ್ಲಿ ಮಂಜುಗಡ್ಡೆಯ ತಯಾರಿ ಇಳಿದದ್ದು. ಆಸ್ಟ್ರೇಲಿಯಾದ ದಕ್ಷಿಣದ ಆಳದ ತಗ್ಗಿಗೆ ರಾಸ್ ಸಮುದ್ರದಿಂದ ಬರುವ ತಳಜಲದ ಹರಿವೂ 1990ರ ದಶಕದಿಂದ 2017ರೊಳಗೆ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ಅಲ್ಲಿ ಕಾರಣ ಪಶ್ಚಿಮ ಅಂಟಾರ್ಕ್ಟಿಕಾದಿಂದ ಕರಗಿ ಬಂದ ಸಿಹಿನೀರು.

ಗಣಕದ ಕಡೆ: ಹಸಿರುಮನೆ ಅನಿಲಗಳು ಇದೇ ರಭಸದಲ್ಲಿ ಏರಿದರೆ ಅಂಟಾರ್ಕ್ಟಿಕಾದ ಸುತ್ತ ಆಳಕ್ಕಿಳಿಯುವ ಹರಿವು 2050ರೊಳಗೆ ಶೇ. 40ಕ್ಕೂ ಹೆಚ್ಚು ಇಳಿಯಬಹುದೆಂದು 2023ರಲ್ಲಿ ಪ್ರಕಟವಾದ ಮಾದರಿ ಹೇಳುತ್ತದೆ. ಮೇಲ್ಮೈ ಸಪ್ಪೆಯಾದಂತೆ ಕೆಳಗಿನ ಬೆಚ್ಚನೆಯ ನೀರು ತಂಪಾಗುವ ಅವಕಾಶ ತಪ್ಪಿ ಹಿಮಚಾಚುಗಳ ಬುಡಕ್ಕೆ ಸೇರುತ್ತದೆ. ಪೈನ್ ಐಲ್ಯಾಂಡ್, ಥ್ವೇಟ್ಸ್ ಹಿಮನದಿಗಳಿರುವ ಅಮುಂಡ್ಸೆನ್ ಸಮುದ್ರದಲ್ಲಿ ಆಳದ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಸುಮಾರು ಮೂರು ಡಿಗ್ರಿ ಬೆಚ್ಚಗಿದೆ. ಬುಡ ಕರಗಿದರೆ ಇನ್ನಷ್ಟು ಸಿಹಿನೀರು, ಆ ಸಿಹಿನೀರಿನಿಂದ ಮುಚ್ಚಳ ಇನ್ನಷ್ಟು ಬಿಗಿ. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಈ ಸುತ್ತು, ಯಾವ ಒಂದು ಬಂಡೆಯ ಗಾತ್ರವೂ ಅಲ್ಲ.

ಆರ್ಕ್ಟಿಕ್‌ನಲ್ಲೂ ಇದೇ ನಡೆಯುತ್ತದೆಯೇ?

ಆಟ ಅದೇ, ಅಂಗಳ ಬೇರೆ. ಆರ್ಕ್ಟಿಕ್ ನೆಲದಿಂದ ಸುತ್ತುವರಿದ ಸಾಗರ. ಅಲ್ಲಿಂದ ಮಂಜುಗಡ್ಡೆ ಹೊರಬೀಳುವ ಹೆಬ್ಬಾಗಿಲು ಗ್ರೀನ್‌ಲ್ಯಾಂಡ್, ಸ್ವಾಲ್‌ಬಾರ್ಡ್ ನಡುವಿನ ಫ್ರಾಮ್ ಜಲಸಂಧಿ. ಹೊರಬಿದ್ದ ಹಿಮ ಕರಗುವುದು ಉತ್ತರ ಅಟ್ಲಾಂಟಿಕ್‌ನಲ್ಲಿ, ಸರಿಯಾಗಿ ನೀರು ಮುಳುಗುವ ಜಾಗಗಳ ಬಾಗಿಲಲ್ಲೇ.

1960ರ ದಶಕದ ಕೊನೆಯಲ್ಲಿ ಆ ಬಾಗಿಲಿನಿಂದ ವಾಡಿಕೆಗಿಂತ ಬಹಳ ಹೆಚ್ಚು ಹಿಮ ಹೊರಬಂತು. ಸುಮಾರು 2000 ಘನ ಕಿ.ಮೀ. ಹೆಚ್ಚುವರಿ ಸಿಹಿನೀರು 1968ರಲ್ಲಿ ಐಸ್‌ಲ್ಯಾಂಡಿನ ಉತ್ತರದಲ್ಲಿ ಕಾಣಿಸಿಕೊಂಡು, ಗ್ರೀನ್‌ಲ್ಯಾಂಡ್ ಬಳಸಿ, ಲಾಬ್ರಡಾರ್ ಸಮುದ್ರ ಹಾದು, ಅಟ್ಲಾಂಟಿಕ್ ಸುತ್ತಿ 1980ರ ದಶಕದ ಆರಂಭಕ್ಕೆ ಮರಳಿ ಗ್ರೀನ್‌ಲ್ಯಾಂಡ್ ಸಮುದ್ರ ತಲುಪಿತು. ಲಾಬ್ರಡಾರ್ ಸಮುದ್ರದಲ್ಲಿ ಚಳಿಗಾಲದ ಆಳದ ಬೆರಕೆ 1969ರಿಂದ 71ರವರೆಗೆ ನಿಂತೇಹೋಗಿತ್ತು. ಒಂದು ಸಿಹಿನೀರಿನ ಮಡುವನ್ನು ಹದಿನಾಲ್ಕು ವರ್ಷ ಹಿಂಬಾಲಿಸಿದ ಈ ಕೆಲಸಕ್ಕೆ ಉಪಗ್ರಹವಿರಲಿಲ್ಲ. ಹವಾಮಾನ ಹಡಗುಗಳು ನೀರಿನ ಮಾದರಿ ತೆಗೆಯಲು ಇಳಿಬಿಟ್ಟ ಸೀಸೆಗಳೇ ಆಧಾರ.

ಇನ್ನೊಂದು ಮಡು ಈಗ ಕಾಯುತ್ತಾ ಕೂತಿದೆ. ಅಲಾಸ್ಕಾದ ಉತ್ತರದ ಬ್ಯೂಫೋರ್ಟ್ ಸುಳಿಯಲ್ಲಿ ಗಾಳಿ ಸಿಹಿನೀರನ್ನು ನಡುವಿಗೆ ಗುಡ್ಡೆ ಹಾಕುತ್ತದೆ. ಅಲ್ಲಿನ ಸಂಗ್ರಹ 1970ರ ದಶಕದ ಸರಾಸರಿಗಿಂತ ಸುಮಾರು ಶೇ. 40 ಹೆಚ್ಚಾಗಿದೆ. ಗಾಳಿಯ ದಿಕ್ಕು ಬದಲಾದರೆ ಅದು ಹೊರಡಬಹುದು.

ಅಟ್ಲಾಂಟಿಕ್‌ನ ಮಹಾಪ್ರವಾಹ ನಿಂತುಹೋಗುತ್ತದಂತೆ, ನಿಜವೇ?

ಬೆಚ್ಚನೆಯ ನೀರು ಮೇಲೆ ಉತ್ತರಕ್ಕೆ ಹೋಗಿ, ಅಲ್ಲಿ ತಣಿದು ಮುಳುಗಿ, ಆಳದಲ್ಲಿ ದಕ್ಷಿಣಕ್ಕೆ ಮರಳುವ ಹರಿವು ಅದು. ಹಿಂದೆ ಹಿಮಬಂಡೆಗಳ ಹಿಂಡೇ ಅದನ್ನು ಬಹಳ ದುರ್ಬಲಗೊಳಿಸಿದ ಕುರುಹುಗಳಿವೆ. ಜರ್ಮನಿಯ ಹಾರ್ಟ್‌ಮುಟ್ ಹೈನ್ರಿಶ್ 1988ರಲ್ಲಿ ಅಟ್ಲಾಂಟಿಕ್ ತಳದ ಕೆಸರಿನಲ್ಲಿ ಕಲ್ಲುಚೂರಿನ ಪದರಗಳನ್ನು ಗುರುತಿಸಿದರು. ನಡುಸಮುದ್ರಕ್ಕೆ ಅಂಥ ಕಲ್ಲು ಬರಲು ಹಿಮಬಂಡೆಯೇ ಹೊತ್ತು ತರಬೇಕು. ಹಿಮಯುಗದಲ್ಲಿ ಉತ್ತರ ಅಮೆರಿಕದ ಹಿಮಹೊದಿಕೆ ಹಡ್ಸನ್ ಜಲಸಂಧಿಯ ಮೂಲಕ ಮತ್ತೆ ಮತ್ತೆ ಬಂಡೆಗಳ ಸೈನ್ಯವನ್ನೇ ಕಳಿಸಿತ್ತು.

ಇಂದು ಅಷ್ಟು ದೊಡ್ಡ ಹೊದಿಕೆ ಅಲ್ಲಿಲ್ಲ. ಗ್ರೀನ್‌ಲ್ಯಾಂಡ್ ವರ್ಷಕ್ಕೆ ಸುಮಾರು 27,000 ಕೋಟಿ ಟನ್ ಹಿಮ ಕಳೆದುಕೊಳ್ಳುತ್ತಿದೆ. ಅಟ್ಲಾಂಟಿಕ್‌ನ ಮಹಾಪ್ರವಾಹವನ್ನು 2004ರಿಂದ 26.5 ಡಿಗ್ರಿ ಉತ್ತರದಲ್ಲಿ ಎಡೆಬಿಡದೆ ಅಳೆಯಲಾಗುತ್ತಿದೆ: ಸರಾಸರಿ ಸೆಕೆಂಡಿಗೆ 170 ಲಕ್ಷ ಘನ ಮೀಟರ್ ಆಸುಪಾಸು. ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರಲ್ಲಿ ಹೇಳಿದ್ದು: ಈ ಶತಮಾನದಲ್ಲಿ ಅದು ದುರ್ಬಲವಾಗುವ ಸಂಭವ ತುಂಬ ಹೆಚ್ಚು, 2100ರೊಳಗೆ ಹಠಾತ್ ಕುಸಿತವಿಲ್ಲ ಎಂಬುದಕ್ಕೆ ಭರವಸೆ ಮಧ್ಯಮ ಮಟ್ಟದ್ದು. "ಮಧ್ಯಮ" ಎಂಬ ಪದವನ್ನು ನಿಂತೇಹೋಗುತ್ತದೆ ಎನ್ನುವವರೂ ಏನೂ ಆಗದು ಎನ್ನುವವರೂ ನುಂಗಿಬಿಡುತ್ತಾರೆ.

ಹಿಮದ ಕೆಳಗಿನ ನೀರನ್ನು ಚಳಿಗಾಲದಲ್ಲಿ ಅಳೆಯುವವರು ಯಾರು?

ಸೀಲ್‌ಗಳು! ತಮಾಷೆಯಲ್ಲ. ದಕ್ಷಿಣದ ಆನೆ ಸೀಲ್‌ಗಳ ತಲೆಗೆ ಚಿಕ್ಕ ಉಪಕರಣ ಅಂಟಿಸುತ್ತಾರೆ. ಮೇವಿಗಾಗಿ ಅವು ನೂರಾರು ಮೀಟರ್ ಮುಳುಗುವಾಗ ಉಷ್ಣತೆ, ಉಪ್ಪು ದಾಖಲಾಗಿ, ಉಸಿರಾಡಲು ಮೇಲೆ ಬಂದಾಗ ಉಪಗ್ರಹಕ್ಕೆ ರವಾನೆಯಾಗುತ್ತದೆ. ಮುಂದಿನ ಬೇಸಿಗೆಯಲ್ಲಿ ರೋಮ ಉದುರುವಾಗ ಉಪಕರಣವೂ ಉದುರುತ್ತದೆ. ಕೇಪ್ ಡಾರ್ನ್‌ಲಿಯ ಭಾರದ ನೀರನ್ನು ಪತ್ತೆ ಮಾಡಿದ್ದರಲ್ಲಿ ಸಮುದ್ರತಳಕ್ಕೆ ಕಟ್ಟಿದ ಉಪಕರಣಗಳ ಜೊತೆ ಈ ಸೀಲ್‌ಗಳ ಪಾಲೂ ಇತ್ತು.

ಭಾರತದ ಕೆಲಸ ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ಮೂಲಕ ನಡೆಯುತ್ತದೆ. ಸ್ವಾಲ್‌ಬಾರ್ಡ್‌ನ ಕಾಂಗ್ಸ್‌ಫ್ಯೋರ್ಡ್‌ನಲ್ಲಿ 2014ರ ಜುಲೈನಲ್ಲಿ 192 ಮೀಟರ್ ಆಳದ ತಳಕ್ಕೆ ಕಟ್ಟಿದ ಇಂಡಾರ್ಕ್ ನಮ್ಮ ದೇಶದ ಮೊದಲ ಆರ್ಕ್ಟಿಕ್ ನೀರೊಳಗಿನ ವೀಕ್ಷಣಾಲಯ; ಆರ್ಕ್ಟಿಕ್ ಬದಲಾವಣೆಗೂ ಮುಂಗಾರಿಗೂ ಇರಬಹುದಾದ ನಂಟನ್ನು ಹುಡುಕುವುದು ಅದರ ಉದ್ದೇಶಗಳಲ್ಲೊಂದು. ಶ್ರೀಹರಿಕೋಟಾದಿಂದ 2025ರ ಜುಲೈ 30ರಂದು ಹಾರಿದ ನಿಸಾರ್ ಉಪಗ್ರಹದ ರೇಡಾರ್ ಧ್ರುವ ಪ್ರದೇಶದ ಹಿಮದ ಚಲನೆಯನ್ನೂ ಅಳೆಯಬಲ್ಲದು.

ಈ ಬಂಡೆಗಳನ್ನು, ಮಂಜುಗಡ್ಡೆಯನ್ನು ನಾವೇ ನೋಡಬಹುದೇ?

ನೋಡಬಹುದು, ಕಾಸು ಕೊಡಬೇಕಿಲ್ಲ. ನಾಸಾದ ವರ್ಲ್ಡ್‌ವ್ಯೂ ತಾಣದಲ್ಲಿ ದಿನದಿನದ ಉಪಗ್ರಹ ಚಿತ್ರ ಸಿಗುತ್ತದೆ. ಅಮೆರಿಕದ ಹಿಮ ಮಾಹಿತಿ ಕೇಂದ್ರ ಎರಡೂ ಧ್ರುವಗಳ ಮಂಜುಗಡ್ಡೆಯ ನಕ್ಷೆ ಮತ್ತು ಗೆರೆಚಿತ್ರವನ್ನು ಪ್ರಕಟಿಸುತ್ತದೆ. ಒಂದು ಎಚ್ಚರ: ಜೂನ್, ಜುಲೈನಲ್ಲಿ ಅಂಟಾರ್ಕ್ಟಿಕಾ ಕತ್ತಲಲ್ಲಿರುವುದರಿಂದ ಸಾಮಾನ್ಯ ಚಿತ್ರದಲ್ಲಿ ಕಪ್ಪು ಬಿಟ್ಟು ಬೇರೇನೂ ಕಾಣದು. ಆಗ ಮೈಕ್ರೋವೇವ್ ಅಥವಾ ರೇಡಾರ್ ಪದರ ಆರಿಸಿಕೊಳ್ಳಿ. ಅದಕ್ಕೆ ಕತ್ತಲೂ ಅಡ್ಡಿಯಲ್ಲ, ಮೋಡವೂ ಅಡ್ಡಿಯಲ್ಲ. ಮರ್ಟ್ಜ್ ನಾಲಿಗೆ ಹುಡುಕುವುದಾದರೆ 67 ಡಿಗ್ರಿ ದಕ್ಷಿಣ, 145 ಡಿಗ್ರಿ ಪೂರ್ವದ ಸುತ್ತ ನೋಡಿ, 2010ರ ಜನವರಿಯ ಮತ್ತು ಮಾರ್ಚ್‌ನ ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು.